ಏಳು ಸಾವಿರ ರೂಪಾಯಿಯಲ್ಲಿ ಕಾಲೇಜಿಗೆ ಹಾಕಿಕೊಂಡು ಹೋಗುವಂಥ ಬಟ್ಟೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಹೊಸಪೇಟೆಯವಳು

ಎಲ್ಲರಿಗೂ ನಮಸ್ಕಾರ. ನಾನು ಹೊಸಪೇಟೆಯವಳು, ಈ ಜೂನ್ ತಿಂಗಳಿನಿಂದ ತುಮಕೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಓದುವ ಕಾಲದಲ್ಲಿ ನನ್ನ ಬಟ್ಟೆಯ ಚಿಂತೆಯನ್ನೆಲ್ಲ ಅಮ್ಮನೇ ಮಾಡುತ್ತಿದ್ದಳು. ಯುಗಾದಿಗೊಂದು, ದಸರೆಗೊಂದು ಚೂಡಿದಾರ ಹೊಲಿಸಿದರೆ ಉಳಿದ ವರ್ಷವೆಲ್ಲ ಅಕ್ಕನ ಹಳೆಯ ಬಟ್ಟೆಗಳಲ್ಲಿ ಕಳೆದುಹೋಗುತ್ತಿತ್ತು. ಈಗ ವಾರಕ್ಕೆ ಆರು ದಿನ, ದಿನಕ್ಕೆ ನಾಲ್ಕು ತರಗತಿ ನಿಂತೇ ಪಾಠ ಮಾಡಬೇಕು. ಶುಕ್ರವಾರ ಮತ್ತು ಸಮಾರಂಭದ ದಿನಗಳಲ್ಲಿ ಸೀರೆ ಉಡಬೇಕೆಂಬ ನಿಯಮ ಬೇರೆ ಇದೆ.

ಕೆಲಸಕ್ಕೆ ಸೇರಿದ ವಾರವೇ ಇಲ್ಲಿನ ಒಂದು ಸಿದ್ಧ ಉಡುಪಿನ ಅಂಗಡಿಯಲ್ಲಿ 1,200 ರೂಪಾಯಿಗೆ ಮೂರು ಕುರ್ತಾ ಕೊಂಡೆ. ಮೂರೂ ಅಪ್ಪಟ ಹತ್ತಿ ಎಂದು ಅಂಗಡಿಯವರು ಹೇಳಿದ್ದರು. ಮೊದಲ ಒಗೆತಕ್ಕೇ ಬಕೆಟಿನ ನೀರು ಕಡುನೀಲಿಯಾಯಿತು, ಜೊತೆಗೆ ನೆನೆಸಿದ್ದ ಬಿಳಿಯ ದುಪಟ್ಟಾ ಹಾಳಾಯಿತು. ಒಣಗಿದ ಮೇಲೆ ನೋಡಿದರೆ ಉದ್ದ ಎರಡು ಬೆರಳು ಕಡಿಮೆಯಾಗಿತ್ತು. ಇನ್ನೊಂದು ಕುರ್ತಾ ಹಲಗೆಯ ಮೇಲೆ ಬರೆಯಲು ಕೈಯೆತ್ತಿದಾಗ ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತು. ಅಂದು ಉಳಿದ ಎರಡು ತರಗತಿಗಳನ್ನು ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡೇ ಮುಗಿಸಿದೆ. ಅಂಗಡಿಗೆ ಹೋಗಿ ಕೇಳಿದರೆ ಮಾಲೀಕರು ರಸೀದಿಯ ಕೆಳಗೆ ಅಚ್ಚಾಗಿದ್ದ “ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಸಾಲನ್ನು ಬೆರಳಿಟ್ಟು ತೋರಿಸಿದರು.

ನನಗೆ ಬೇಕಾಗಿರುವುದು ನಾಲ್ಕು ಕುರ್ತಾ ಮತ್ತು ಎರಡು ಸೀರೆ, ಎಲ್ಲ ಸೇರಿ ಏಳು ಸಾವಿರದೊಳಗೆ. ವರ್ಷವಿಡೀ ಒಗೆದು ಉಟ್ಟರೂ ಮರ್ಯಾದೆ ಉಳಿಸುವಂತಿದ್ದರೆ ಸಾಕು. ಭಾನುವಾರ ರೈಲು ಹಿಡಿದು ಬೆಂಗಳೂರಿಗೆ ಬರಬಲ್ಲೆ. ನೀವೆಲ್ಲ ಎಲ್ಲಿ ಕೊಳ್ಳುತ್ತೀರಿ?

ಉತ್ತರ 1: ಚೆಕಿಂಗ್ ಟೇಬಲ್

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಚೆಕಿಂಗ್ ವಿಭಾಗದಲ್ಲಿದ್ದವಳು ನಾನು. ಒಂದೇ ಅಂಗಡಿಯಲ್ಲಿ ಒಂದೇ ಬೆಲೆಗೆ ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ ಎಂಬುದನ್ನು ದಿನಾ ಕಂಡಿದ್ದರಿಂದ, ಯಾವ ಅಂಗಡಿ ಎಂದು ಹೇಳುವುದಕ್ಕಿಂತ ಮೊದಲು ಕುರ್ತಾವನ್ನು ಹೇಗೆ ನೋಡಬೇಕೆಂದು ಹೇಳಬೇಕೆನಿಸುತ್ತದೆ.

ಅಂಗಡಿಯಲ್ಲಿ ಕುರ್ತಾವನ್ನು ಕೈಗೆ ತೆಗೆದುಕೊಂಡ ಕೂಡಲೇ ಒಳಮೈಯನ್ನು ಹೊರಗೆ ತಿರುವಿ. ಪಕ್ಕದ ಹೊಲಿಗೆಯಿಂದಾಚೆಗೆ ಕನಿಷ್ಠ ಅರ್ಧ ಇಂಚು ಬಟ್ಟೆ ಉಳಿದಿರಬೇಕು. ಬಟ್ಟೆ ಉಳಿಸುವ ಆಸೆಗೆ ಬಿದ್ದವರು ಅಂಚಿನ ಎಳೆ ಬಿಚ್ಚದಂತೆ ಓವರ್‌ಲಾಕ್ ಮಾಡುವಾಗ ಅದನ್ನು ಕಾಲು ಇಂಚಿಗೆ ಇಳಿಸಿರುತ್ತಾರೆ, ನಿಮ್ಮ ಕಂಕುಳಲ್ಲಿ ಬಿಟ್ಟದ್ದು ಅಂಥದೇ ಹೊಲಿಗೆ ಇರಬೇಕು. ಹೆಬ್ಬೆರಳ ತುದಿಯ ಗೆಣ್ಣು ಹೆಚ್ಚುಕಡಿಮೆ ಒಂದು ಇಂಚು ಇರುತ್ತದೆ. ಅದನ್ನು ಹೊಲಿಗೆಯ ಮೇಲಿಟ್ಟು ಟಾಕಿಗಳನ್ನು, ಅಂದರೆ ಸೂಜಿ ಹಾಕಿದ ಒಂದೊಂದು ಹೊಲಿಗೆಯನ್ನು, ಎಣಿಸಿ. ಹತ್ತರಿಂದ ಹನ್ನೆರಡು ಇದ್ದರೆ ಕೊಳ್ಳಬಹುದು, ಆರೇಳು ಇದ್ದರೆ ಅಲ್ಲೇ ಇಟ್ಟುಬಿಡಿ. ಆಮೇಲೆ ಹೊಲಿಗೆಯ ಎರಡು ಪಕ್ಕವನ್ನೂ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಸೂಜಿ ಹೋದ ತೂತುಗಳು ಏಣಿಯ ಮೆಟ್ಟಿಲಿನಂತೆ ಬಾಯಿಬಿಟ್ಟರೆ ದೋಷವಿರುವುದು ನೇಯ್ಗೆಯಲ್ಲಿ. ಅದನ್ನು ಎಷ್ಟು ಸಲ ಹೊಲಿಸಿದರೂ ಬಿಡುತ್ತದೆ.

ಬಣ್ಣದ ಪರೀಕ್ಷೆಗೆ ಬಿಳಿಯ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಕುರ್ತಾದ ಒಳಮಡಿಕೆಗೆ ಹತ್ತು ಸಲ ಉಜ್ಜಿದರೆ ಸಾಕು. ಕಡುನೀಲಿ, ಕಪ್ಪು, ಕುಂಕುಮಗೆಂಪು ಬಣ್ಣಗಳಲ್ಲಿ ಇದನ್ನು ಮಾಡದೆ ಹಣ ಕೊಡಬೇಡಿ. ಅಂಗಡಿಯವರು ಮುಖ ಸಿಂಡರಿಸಿಕೊಂಡರೆ ಅದೂ ಒಂದು ಉತ್ತರವೇ.

ಇನ್ನು ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳ ವಿಷಯ. ವಿದೇಶಿ ಕಂಪನಿಗಳ ಆರ್ಡರಿಗೆ ಕಾರ್ಖಾನೆಯವರು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕತ್ತರಿಸಿರುತ್ತಾರೆ. ಹಾಗೆ ಮಿಕ್ಕಿದ್ದು, ತಡವಾಯಿತೆಂದು ಆರ್ಡರು ರದ್ದಾದದ್ದು, ತಪಾಸಣೆಯಲ್ಲಿ ಹಿಂದೆ ಬಿದ್ದದ್ದು ಎಲ್ಲವೂ ಈ ಅಂಗಡಿಗಳಿಗೆ ಸೇರುತ್ತದೆ. ಕುತ್ತಿಗೆಯ ಚೀಟಿಯನ್ನು ಕತ್ತರಿಸಿರುವುದು ದೋಷದ ಗುರುತಲ್ಲ, ಕಂಪನಿಯ ಹೆಸರು ಹೊರಗೆ ಬರಬಾರದೆಂದು ಹಾಗೆ ಮಾಡುತ್ತಾರೆ. ಆದರೆ ಎಲ್ಲಿಯಾದರೂ ಬಾಣದ ಆಕಾರದ ಸಣ್ಣ ಸ್ಟಿಕ್ಕರ್ ಉಳಿದಿದ್ದರೆ ಅದು ತೋರಿಸುವ ಜಾಗವನ್ನು ಚೆನ್ನಾಗಿ ನೋಡಿ, ಏಕೆಂದರೆ ನನ್ನಂಥವಳೊಬ್ಬಳು ಅಲ್ಲಿ ಎಣ್ಣೆಯ ಕಲೆಯನ್ನೋ ಬಿಟ್ಟ ಟಾಕಿಯನ್ನೋ ಕಂಡು ಅದನ್ನು ಅಂಟಿಸಿರುತ್ತಾಳೆ. ಒಂದು ಮಾತು ಮಾತ್ರ ನೆನಪಿರಲಿ: ಈ ಅಂಗಡಿಗಳಲ್ಲಿ ಷರಟು, ಪ್ಯಾಂಟು, ಮಕ್ಕಳ ಉಡುಪು, ರಾತ್ರಿಯುಡುಪು ಹೇರಳವಾಗಿ ಸಿಗುತ್ತವೆ, ಆದರೆ ಅಮೆರಿಕಕ್ಕೂ ಯುರೋಪಿಗೂ ನಾವು ಹೊಲಿದು ಕಳಿಸುತ್ತಿದ್ದದ್ದು ಕುರ್ತಾಗಳನ್ನಲ್ಲ. ನಿಮ್ಮ ಕೆಲಸಕ್ಕೆ ಅವು ಹೆಚ್ಚೇನೂ ಒದಗಲಾರವು.

ಉತ್ತರ 2: ಮೈಸೂರಿನ ನಿವೃತ್ತ ಮೇಡಂ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳು ನಾನು, ಆ ಅವಧಿಯಲ್ಲಿ ಕೊಂಡ ಸಿದ್ಧ ಉಡುಪುಗಳನ್ನು ಬೆರಳಲ್ಲಿ ಎಣಿಸಬಹುದು. ಮಗೂ, ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೊಂಡು ಹೊಲಿಸಿಕೊಳ್ಳುವುದೇ ನಿನ್ನಂಥವರಿಗೆ ಸರಿಯಾದ ದಾರಿ.

ಲೆಕ್ಕ ನೋಡು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರ ಕುರ್ತಾಕ್ಕೆ ಎರಡೂವರೆ ಮೀಟರ್ ಸಾಕು. ಕಳೆದ ತಿಂಗಳು ಸೊಸೆಗೆಂದು ನಾನು ಕೊಂಡ ಕೈಮಗ್ಗದ ಹತ್ತಿ ಬಟ್ಟೆಗೆ ಮೀಟರಿಗೆ 170 ರೂಪಾಯಿ ಕೊಟ್ಟೆ, ಹೊಲಿಗೆಗೆ 350 ಆಯಿತು. ಎಂಟುನೂರರೊಳಗೆ ಮೈಗೆ ಸರಿಹೊಂದುವ ಕುರ್ತಾ ಬಂತು. ಇದೇ ಗುಣದ್ದನ್ನು ಸಿದ್ಧವಾಗಿ ಕೊಂಡರೆ ಸಾವಿರದ ಐನೂರಕ್ಕೆ ಕಡಿಮೆಯಿಲ್ಲ.

ಬಟ್ಟೆ ಎಲ್ಲಿ ಕೊಳ್ಳುವುದೆಂದರೆ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ “ಪ್ರಿಯದರ್ಶಿನಿ” ಮಳಿಗೆಗಳಲ್ಲಿ ಥಾನಿನಿಂದ ಕತ್ತರಿಸಿ ಕೊಡುತ್ತಾರೆ. ನಿಗಮ ಹುಟ್ಟಿದ್ದು 1975ರಲ್ಲಿ, ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಮಳಿಗೆಯ ಅಲಂಕಾರವನ್ನು ನೋಡಿ ಹಿಂದಕ್ಕೆ ಹೋಗಬೇಡ, ಬಟ್ಟೆಯನ್ನು ಮುಟ್ಟಿ ನೋಡು. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯ ಹೊತ್ತಿಗೆ ರಿಯಾಯಿತಿ ಬರುತ್ತದೆ, ಅವಸರವಿಲ್ಲದ್ದನ್ನು ಅಲ್ಲಿಯವರೆಗೆ ತಡೆದಿಟ್ಟುಕೋ. ನಿಮ್ಮ ಹೊಸಪೇಟೆಯಿಂದ ಹುಬ್ಬಳ್ಳಿಯ ಕಡೆ ಹೋಗುವುದಿದ್ದರೆ ಬೆಂಗೇರಿಯ ಖಾದಿ ಸಂಯುಕ್ತ ಸಂಘವನ್ನೂ ನೋಡಿ ಬಾ. ರಾಷ್ಟ್ರಧ್ವಜ ತಯಾರಿಸುವ ಜಾಗವೆಂದು ಹೆಸರಾಗಿದ್ದರೂ ಅಲ್ಲಿ ಉಡುವ ಬಟ್ಟೆಯೂ ಸಿಗುತ್ತದೆ. ಸಾಗರದ ಹತ್ತಿರ ಹೆಗ್ಗೋಡಿನ ಕಡೆಯ ಹೆಣ್ಣುಮಕ್ಕಳ “ಚರಕ” ಸಂಘದವರು ಅಡಿಕೆಯ ಚೊಗರು (ಅಡಿಕೆ ಬೇಯಿಸಿದ ರಸ) ಮೊದಲಾದ ನೈಸರ್ಗಿಕ ಬಣ್ಣಗಳಲ್ಲಿ ಮಾಡಿದ ಬಟ್ಟೆ “ದೇಸಿ” ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ತುಸು ಹೆಚ್ಚು, ಆದರೆ ಅವುಗಳಲ್ಲಿ ಒಂದಾದರೂ ನಿನ್ನಲ್ಲಿರಲಿ.

ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸು. ಕುಗ್ಗುವುದೆಲ್ಲ ಅಲ್ಲೇ ಕುಗ್ಗಿಹೋಗಲಿ. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂದು ನಮ್ಮತ್ತೆ ಹೇಳುತ್ತಿದ್ದರು, ನಾನೂ ವರ್ಷಗಟ್ಟಲೆ ಹಾಕಿದೆ, ಬಿಡುವ ಬಣ್ಣ ಉಪ್ಪಿಗೂ ಹೆದರಲಿಲ್ಲ. ಟೈಲರಿಗೆ ಮೈಯಳತೆಯ ಜೊತೆಗೆ ನಿನಗೆ ಒಪ್ಪುವ ಹಳೆಯ ಕುರ್ತಾವನ್ನೂ ಕೊಡು. ಪಕ್ಕದಲ್ಲಿ ಒಂದಿಂಚು ಬಟ್ಟೆಯನ್ನು ಒಳಗೆ ಬಿಡಲು ಹೇಳು, ಬಲಮಗ್ಗುಲಿಗೆ ಒಂದು ಜೇಬು ಇಡಿಸು. ಸೀಮೆಸುಣ್ಣ, ಮೊಬೈಲು, ಸಿಬ್ಬಂದಿ ಕೊಠಡಿಯ ಕೀಲಿ ಎಲ್ಲವನ್ನೂ ಕೈಯಲ್ಲೇ ಹಿಡಿದು ಓಡಾಡುವ ಗಂಡು ಮೇಷ್ಟ್ರನ್ನು ನಾನು ಇದುವರೆಗೆ ಕಂಡಿಲ್ಲ. ಇದೆಲ್ಲವನ್ನೂ ಶ್ರಾವಣ ಹುಟ್ಟುವ ಮೊದಲೇ ಮಾಡು. ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದ ಮೇಲೆ ಟೈಲರ್ ಕೊಟ್ಟ ದಿನಾಂಕವನ್ನು ನಂಬುವಂತಿಲ್ಲ.

ಉತ್ತರ 3: ಎರಡು ಮಕ್ಕಳ ತಾಯಿ, ಬೆಂಗಳೂರು

ಮೇಡಂ ಅವರ ಮಾತನ್ನು ಗೌರವದಿಂದಲೇ ಒಪ್ಪದಿರುತ್ತೇನೆ. ಬಟ್ಟೆ ಹುಡುಕಲು ಒಂದು ದಿನ, ಟೈಲರಿಗೆ ಕೊಡಲು ಒಂದು ಸಂಜೆ, ಕೊಟ್ಟ ದಿನಕ್ಕೆ ಹೋಗಿ ಬರಿಗೈಯಲ್ಲಿ ಬರಲು ಎರಡು ಸಂಜೆ, ಕುತ್ತಿಗೆ ಸರಿಯಾಗಿಲ್ಲವೆಂದು ಹಿಂದಕ್ಕೆ ಕೊಡಲು ಇನ್ನೊಂದು ಸಂಜೆ: ಈ ಸಂಜೆಗಳಿಗೂ ಬೆಲೆಯಿದೆ, ಅದನ್ನು 350 ರೂಪಾಯಿಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ನನ್ನ ಮೈಯಳತೆ ದೊಡ್ಡದು, ಎಕ್ಸ್‌ಎಕ್ಸ್‌ಎಲ್. ಹೊಲಿಸಲು ಹೋದರೆ ಮೂರು ಮೀಟರಿಗೆ ಮೇಲೆ ಬಟ್ಟೆ ಬೇಕು. ಅಷ್ಟು ಸಾಲದೆಂಬಂತೆ ಒಬ್ಬ ಟೈಲರ್ ಅಳತೆಯನ್ನು ಅಂಗಡಿಯ ತುಂಬ ಕೇಳುವಂತೆ ಕೂಗಿ ಬರೆಸಿದ. ಅಂದಿನಿಂದ ನಾನು ಆ ದಾರಿ ಹಿಡಿದಿಲ್ಲ.

ನಾನು ಕೊಳ್ಳುವುದು ವರ್ಷಕ್ಕೆ ಎರಡೇ ಸಲ, ದೊಡ್ಡ ಮಳಿಗೆಗಳಲ್ಲಿ ಜನವರಿ ಮತ್ತು ಜುಲೈ ಸುಮಾರಿಗೆ ಬರುವ ಋತು ಮುಗಿಯುವ ರಿಯಾಯಿತಿ ಮಾರಾಟದಲ್ಲಿ. ಅಲ್ಲಿ ಹಾಕಿ ನೋಡಲು ಕೋಣೆಯಿದೆ, ಸರಿಬರದಿದ್ದರೆ ಬದಲಿಸಿಕೊಡುತ್ತಾರೆ. ಅಲ್ಲಿಯೂ ಕಣ್ಣು ತೆರೆದಿರಬೇಕು ಅನ್ನಿ. ಮಾರಾಟಕ್ಕೆಂದೇ ತಂದು ಸುರಿದ ತೆಳ್ಳನೆಯ ಮಾಲೂ ರಾಶಿಯಲ್ಲಿ ಬೆರೆತಿರುತ್ತದೆ. ಮೊದಲು ಒಳಗಿನ ಚೀಟಿಯನ್ನು ಓದಿ. ಹತ್ತಿಯಂತೆ ಮೆತ್ತಗೆ ಕಂಡು ಹತ್ತಿಗಿಂತ ಭಾರವಾಗಿ ಇಳಿಬೀಳುವ ಬಟ್ಟೆ ಬಹಳ ಮಟ್ಟಿಗೆ ರೇಯಾನ್ ಆಗಿರುತ್ತದೆ, ಚೀಟಿಯಲ್ಲಿ ಅದನ್ನು ವಿಸ್ಕೋಸ್ ಎಂದು ಬರೆದಿರುತ್ತಾರೆ. “ಲಿವಾ” ಎಂಬ ತೂಗುಚೀಟಿ ಇದ್ದರೂ ಅದು ಇದೇ ಕುಲದ ನೂಲು. ಮರದ ತಿರುಳಿನಿಂದ ತೆಗೆದ ಈ ನೂಲಿನಲ್ಲಿ ಸೆಕೆಯಾಗುವುದಿಲ್ಲ, ಆದರೆ ನೆನೆದಾಗ ಅದರ ಬಲ ಕುಂದುತ್ತದೆ. ಆದ್ದರಿಂದ ಕಲ್ಲಿಗೆ ಬಡಿಯಬಾರದು, ಬಲವಾಗಿ ಹಿಂಡಬಾರದು.

ತೆರಿಗೆಯ ವಿಷಯವೂ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಅದಕ್ಕೆ ಮೊದಲು ಈ ಗಡಿ ಸಾವಿರ ರೂಪಾಯಿಯಲ್ಲಿತ್ತು. ಅಂದರೆ ನಮ್ಮಂಥವರು ಕೊಳ್ಳುವುದೆಲ್ಲ ಈಗ ಶೇ. 5ರ ಒಳಗೇ ಬರುತ್ತದೆ.

ಸೀರೆಗಾದರೆ ಚಿಕ್ಕಪೇಟೆಗೇ ಹೋಗಿ, ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಸಗಟು ಅಂಗಡಿಗಳು ಒಂದೆರಡನ್ನು ಬಿಡಿಯಾಗಿ ಕೊಡಲು ಒಪ್ಪುವುದಿಲ್ಲವಾದ್ದರಿಂದ ಚಿಲ್ಲರೆ ಮಾರುತ್ತೀರಾ ಎಂದು ಬಾಗಿಲಲ್ಲೇ ಕೇಳಿ ಒಳಗೆ ಹೋಗಿ. ಕಮರ್ಷಿಯಲ್ ಸ್ಟ್ರೀಟ್‌ನ ರಸ್ತೆ ಬದಿಯಲ್ಲೂ ಜಯನಗರ 4ನೇ ಬ್ಲಾಕಿನಲ್ಲೂ ಚೌಕಾಶಿ ಬಲ್ಲವರಿಗೆ ಒಳ್ಳೆಯ ದುಪಟ್ಟಾ, ಲೆಗಿನ್ಸ್ ಸಿಗುತ್ತವೆ. ಕೆಲಸಕ್ಕೆ ಉಡುವ ಕುರ್ತಾವನ್ನು ಮಾತ್ರ ರಸೀದಿಯಿಲ್ಲದ ಕಡೆ ನಾನು ಕೊಳ್ಳುವುದಿಲ್ಲ.

ಉತ್ತರ 4: ಕಪ್ಪುಕೋಟು

ರಸೀದಿಯ ಮಾತು ಬಂದದ್ದರಿಂದ ಇಷ್ಟು ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. “ಹಿಂದಕ್ಕೆ ಪಡೆಯುವುದಿಲ್ಲ” ಎಂದು ಅಚ್ಚು ಹಾಕಿಸಿಕೊಂಡ ಮಾತ್ರಕ್ಕೆ ಅಂಗಡಿಯವರು ಪಾರಾಗುವುದಿಲ್ಲ. ಆದರೆ ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಈ ನಿಯಮ ಅನ್ವಯಿಸದು, ದೋಷವಿರಬೇಕು. ರಸೀದಿಯನ್ನೂ ಹರಿದ ಕುರ್ತಾವನ್ನೂ ಹಿಡಿದು ಸಮಾಧಾನದಿಂದ ಮತ್ತೊಮ್ಮೆ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಉತ್ತರ 5: ಬಾಗಲಕೋಟೆಯ ಅಕ್ಕ

ಹೊಸಪೇಟೆಯ ಹುಡುಗಿ ಸೀರೆಗಾಗಿ ಚಿಕ್ಕಪೇಟೆಯನ್ನು ಹುಡುಕಿಕೊಂಡು ಹೋಗುವುದೆಂದರೆ ಏನು ಹೇಳಲಿ ತಂಗಿ! ನಿಮ್ಮೂರಿನಿಂದ ಕುಷ್ಟಗಿ ದಾಟಿದರೆ ಇಳಕಲ್ಲು. ಅಮ್ಮನಿಗೆ ಒಂದು ಮಾತು ಹೇಳಿದರೆ ಸಾಕಿತ್ತು.

ದಿನನಿತ್ಯ ಪಾಠ ಮಾಡುವವರಿಗೆ ಇಳಕಲ್ ಸೀರೆಗಿಂತ ಅನುಕೂಲವಾದದ್ದು ನನಗೆ ಕಾಣೆ. ಒಡಲು ಹತ್ತಿಯದು, ಆದ್ದರಿಂದ ನೆರಿಗೆ ಜಾರುವುದಿಲ್ಲ. ಸೆರಗು ರೇಷ್ಮೆಯದು, ಆದ್ದರಿಂದ ಸಮಾರಂಭಕ್ಕೂ ನಡೆಯುತ್ತದೆ. ಒಡಲಿನ ಹಾಸನ್ನೂ (ಮಗ್ಗದ ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಮಾಡಿಕೊಂಡು, ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ಆಮೇಲೆ ನೇಯುತ್ತಾರೆ. ಇದಕ್ಕೆ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕಾಗುವುದರಿಂದ ಕೈಮಗ್ಗದ ಅಸಲಿ ಸೀರೆ ಅಗ್ಗವಾಗಲು ಸಾಧ್ಯವೇ ಇಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳಂತೆ ಏಳುವ ಆ ಕುಸುರಿಗೆ ನಾವು ತೋಪು ತೆನಿ ಎನ್ನುತ್ತೇವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ, ಅಂದರೆ ಆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ, ಮಾನ್ಯತೆಯೂ ಇದೆ.

ನಿಮ್ಮ ಲೆಕ್ಕಕ್ಕೆ ಒಗ್ಗುವುದು ರೇಷ್ಮೆಯ ಜಾಗದಲ್ಲಿ ಚಮಕ, ಅಂದರೆ ಕೃತಕ ರೇಷ್ಮೆ ಹಾಕಿದ ಸೀರೆ. ನಾನು ಇತ್ತೀಚೆಗೆ 1,150 ರೂಪಾಯಿ ಕೊಟ್ಟು ಒಂದನ್ನು ತಂದೆ. ಅದನ್ನು ಅಸಲಿ ರೇಷ್ಮೆಯೆಂದು ಹೇಳಿ ಮೂರು ಸಾವಿರಕ್ಕೆ ಮಾರುವವರೂ ಇದ್ದಾರೆ. ಅನುಮಾನ ಬಂದರೆ ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಬೆಂಕಿ ತೋರಿಸಿ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಚಮಕ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಮೊದಲ ಎರಡು ಒಗೆತದಲ್ಲಿ ಸೆರಗನ್ನು ನೆನೆಹಾಕಬೇಡಿ, ಕೆಂಪು ಬಿಟ್ಟರೆ ಬಿಳಿಯ ತೆನೆಗಳೆಲ್ಲ ಗುಲಾಬಿಯಾಗುತ್ತವೆ. ಅದರ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸಿ. ಮೂಲೆಮೂಲೆ ಮಡಚಿ ತ್ರಿಕೋನ ಮಾಡಿಟ್ಟ ಖಣಗಳ ರಾಶಿಯಲ್ಲಿ ಒಂದನ್ನು ಆರಿಸುವ ಸುಖವೇ ಬೇರೆ.

ಮತ್ತೆ ಹೊಸಪೇಟೆಯವಳು: ಆರು ವಾರದ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ಲೆಕ್ಕಸಮೇತ ತಿಳಿಸುವುದು ನನ್ನ ಕರ್ತವ್ಯ, ಹೇಗೂ ಕಲಿಸುವುದು ಅದನ್ನೇ.

ಅಂಗಡಿಗೆ ಮತ್ತೆ ಹೋದಾಗ 30 ದಿನ ತುಂಬಲು ಇನ್ನೂ ನಾಲ್ಕು ದಿನವಿತ್ತು. ಕಾಯ್ದೆಯ ಹೆಸರು ಹೇಳಿದ ಮೇಲೆ ಮಾಲೀಕರು ಹೊಲಿಗೆ ಬಿಟ್ಟ ಕುರ್ತಾದ ಹಣವನ್ನು ಕೊಟ್ಟರು. ಬಣ್ಣ ಬಿಟ್ಟದ್ದಕ್ಕೆ ಮಾತ್ರ ನಾನು ಬಿಸಿನೀರಿನಲ್ಲಿ ನೆನೆಸಿರಬೇಕೆಂದು ವಾದಿಸಿದರು, ನನಗೂ ಹಟ ಹಿಡಿಯುವ ಚೈತನ್ಯ ಉಳಿದಿರಲಿಲ್ಲ.

ಬೆಂಗಳೂರಿನಲ್ಲಿ ಕೈಮಗ್ಗದ ಬಟ್ಟೆ ಏಳೂವರೆ ಮೀಟರ್ ಕೊಂಡೆ, 1,275 ರೂಪಾಯಿ. ಮೂರು ಕುರ್ತಾಗಳ ಹೊಲಿಗೆಗೆ ಇಲ್ಲಿನ ಟೈಲರ್ 1,050 ಎಂದಿದ್ದಾರೆ. ನಾಲ್ಕನೆಯದನ್ನು ಜುಲೈ ಮಾರಾಟದಲ್ಲಿ 899ಕ್ಕೆ ಕೊಂಡೆ, ಚೀಟಿಯನ್ನು ಓದಿ, ವಿಸ್ಕೋಸ್ ಎಂದು ಗೊತ್ತಿದ್ದೇ ಕೊಂಡೆ. ಹೆಬ್ಬೆರಳಿಟ್ಟು ಎಣಿಸಿದಾಗ ಹನ್ನೊಂದು ಟಾಕಿಗಳಿದ್ದವು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಏನು ಮಾಡುತ್ತಿದ್ದೀರೆಂದು ಕೇಳಿ, ತಾವೂ ಎಣಿಸಿ, ಕೈಯಲ್ಲಿದ್ದ ಕುರ್ತಾವನ್ನು ಹಿಂದಕ್ಕೆ ಇಟ್ಟರು. ಅಮ್ಮ ಇಳಕಲ್ಲಿಗೇ ಹೋಗಿ 1,100 ರೂಪಾಯಿಯ ಚಮಕದ ಸೀರೆ, 200 ರೂಪಾಯಿಯ ಖಣ ತಂದಳು. ಫಾಲ್, ಜಿಗ್‌ಜಾಗ್ ಮತ್ತು ಕುಪ್ಪಸದ ಹೊಲಿಗೆ ಸೇರಿ 520 ಆಯಿತು. ಒಟ್ಟು 5,044. ಉಳಿದ 1,956 ರೂಪಾಯಿಯನ್ನು ಎರಡನೆಯ ಸೀರೆಗೆಂದು ಎತ್ತಿಟ್ಟಿದ್ದೇನೆ, ಅಕ್ಟೋಬರ್‌ವರೆಗೆ ಕಾಯುತ್ತೇನೆ.

ಟೈಲರ್ ಹೊಲಿದುಕೊಟ್ಟ ಎರಡು ಕುರ್ತಾಗಳಲ್ಲಿ ಜೇಬಿದೆ, ಸಿಬ್ಬಂದಿ ಕೊಠಡಿಯಲ್ಲಿ ಆಗಲೇ ಇಬ್ಬರು ಟೈಲರಿನ ವಿಳಾಸ ಕೇಳಿದ್ದಾರೆ. ಮೂರನೆಯ ಕುರ್ತಾವನ್ನು ಕೊಡುವ ದಿನವನ್ನು ಟೈಲರ್ ಎರಡು ಸಲ ಮುಂದೂಡಿದ್ದಾರೆ. ನಿನ್ನೆ ಹೋದಾಗ “ವರಮಹಾಲಕ್ಷ್ಮಿ ಹಬ್ಬವೊಂದು ಮುಗಿಯಲಿ ಮೇಡಂ” ಎಂದರು.